ದನ ಎಷ್ಟು ಎಂದು ಕೇಳಬಾರದು

ನನ್ನ ವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಂಡ ಕೋಷ್ಟಕ ಪೂರ್ತಿ ತಪ್ಪಾಗಿತ್ತು. ಇದನ್ನು ಇಷ್ಟು ಸರಳವಾಗಿ ಹೇಳಲು ನಾನು ನಿವೃತ್ತನಾಗಬೇಕಾಯಿತು. ಕೆಲಸದಲ್ಲಿರುವ ಅರ್ಥಶಾಸ್ತ್ರಜ್ಞ ತಪ್ಪು ಮಾಡುವುದಿಲ್ಲ. ಅವನು ‘ಅಂದಾಜನ್ನು ಪರಿಷ್ಕರಿಸುತ್ತಾನೆ’.

ಮೈಸೂರಿನಲ್ಲಿ ಪಾಠ ಹೇಳುವುದು, ಬೆಂಗಳೂರಿಗೆ ಹೋಗಿ ಸಮಿತಿಗಳಲ್ಲಿ ಕೂತು ಸರ್ಕಾರಕ್ಕೆ ಸಲಹೆ ಕೊಡುವುದು, ಶ್ರೀರಂಗಪಟ್ಟಣದ ಮನೆಗೆ ಬಂದು ಮಲಗುವುದು, ನನ್ನ ಜೀವನ ಹೀಗೇ ಕಳೆಯಿತು. ನನ್ನ ಕೆಲಸ ಏನೆಂದು ನೆಂಟರಿಗೆ ವಿವರಿಸುವ ಹೊಣೆಯನ್ನು ಬಾಬುರಾಯನಕೊಪ್ಪಲಿನ ಸೋದರಮಾವ ವಹಿಸಿಕೊಂಡಿದ್ದರು. “ಇವ ಸರ್ಕಾರಕ್ಕೇ ಬುದ್ದಿ ಏಳೋನು ಕಣ್ಲಾ. ಅದು ಕೇಳ್ತದೋ ಇಲ್ವೋ, ಇವನಂತೂ ಏಳ್ತಾವ್ನೆ” ಎನ್ನುತ್ತಿದ್ದರು. ನನ್ನ ಬಗ್ಗೆ ಇದಕ್ಕಿಂತ ನಿಖರವಾದ ಪರಿಚಯವನ್ನು ಯಾವ ವಿಶ್ವವಿದ್ಯಾಲಯವೂ ಬರೆದಿಲ್ಲ.

ಆ ಕೋಷ್ಟಕದ ವಿಷಯಕ್ಕೆ ಬರುತ್ತೇನೆ. ಹಳ್ಳಿಗಳ ಪಶು ಆಸ್ಪತ್ರೆಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಬೇಕು ಎಂದು ತಿಳಿಸಲು ಒಂದು ಸಮಿತಿಯಿತ್ತು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕೆಲವು ಊರುಗಳು ನನ್ನ ಪಾಲಿಗೆ ಬಂದವು. ನನ್ನ ಓಡಾಟಕ್ಕೆ ಯಾವಾಗಲೂ ಬರುವ ಬಾಡಿಗೆ ಡ್ರೈವರ್ ಇಸ್ಮಾಯಿಲ್‌ನ ಕಾರಿನಲ್ಲಿ ವಿದ್ಯಾರ್ಥಿಗಳನ್ನು ತುಂಬಿಕೊಂಡು ಮನೆಮನೆಗೆ ಹೋದೆ. ಜಗುಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, “ದನ ಎಷ್ಟಿವೆ?” ಎಂದು ಕೇಳುತ್ತಿದ್ದೆವು. “ಏನೋ, ಒಂದೆರಡು ಅವೆ” ಎನ್ನುತ್ತಿದ್ದರು. ವಿದ್ಯಾರ್ಥಿ ‘ಎರಡು’ ಎಂದು ಬರೆಯುತ್ತಿದ್ದ. ಬೆನ್ನ ಹಿಂದಿನ ಕೊಟ್ಟಿಗೆಯಿಂದ ಎರಡು ದನಗಳು ಸೇರಿ ಮಾಡಬಹುದಾದ್ದಕ್ಕಿಂತ ಬಹಳ ಹೆಚ್ಚು ಉಸಿರಾಟ ಕೇಳುತ್ತಿತ್ತು. ನಮ್ಮಲ್ಲಿ ಯಾರೂ ತಿರುಗಿ ನೋಡಲಿಲ್ಲ. ಪ್ರಶ್ನಾವಳಿಯಲ್ಲಿ ತಿರುಗಿ ನೋಡಿ ಎಂದು ಇರಲಿಲ್ಲ.

ಬೆಂಗಳೂರಿನಲ್ಲಿ ಕೋಷ್ಟಕವನ್ನು ಮುಂದಿಟ್ಟಾಗ ಸಮಿತಿಯ ಸಂಖ್ಯಾಶಾಸ್ತ್ರಜ್ಞರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಷ್ಟು ಸ್ವಚ್ಛವಾದ ಅಂಕಿಗಳನ್ನು ತಾವು ಕಂಡೇ ಇಲ್ಲ ಎಂದರು. ಯಾವ ಮನೆ ನೋಡಿದರೂ ಎರಡು, ಎರಡು, ಎರಡು. ನಾನು ವಿನಯದಿಂದ ತಲೆ ತಗ್ಗಿಸಿದೆ. ಇಷ್ಟು ಕಡಿಮೆ ದನಗಳಿಗೆ ಒಂದು ಆಸ್ಪತ್ರೆ ಯಾಕೆ? ನಾಗಮಂಗಲ ತಾಲ್ಲೂಕಿನ ಒಂದು ಊರಿನ ಆಸ್ಪತ್ರೆಯನ್ನು ಪಟ್ಟಣಕ್ಕೆ ಸೇರಿಸುವಂತೆ ನಾನೇ ಬರೆದೆ. ಆದೇಶವೂ ಆಯಿತು. ಸರ್ಕಾರ ನನ್ನ ಮಾತು ಕೇಳಿತೆಂದು ಸೋದರಮಾವನಿಗೆ ಫೋನು ಮಾಡಿ ತಿಳಿಸಿದ್ದೂ ನಿಜ.

ಒಂದು ಬೆಳಿಗ್ಗೆ ಆ ಊರಿನ ಮಹಿಳಾ ಹಾಲಿನ ಸಂಘದ ಅಧ್ಯಕ್ಷೆ ಪುಟ್ಟತಾಯಮ್ಮ, ಎರಡು ಬಸ್ಸು ಬದಲಾಯಿಸಿ, ಆದೇಶದ ಪ್ರತಿ ಹಿಡಿದು ನನ್ನ ಮನೆಗೆ ಬಂದರು. ಅವರ ಹಸು ಗಬ್ಬವಾಗಿತ್ತು. ಹೋದ ಸಲ ಕರು ಅಡ್ಡ ಬಂದಾಗ ಊರಲ್ಲೇ ಇದ್ದ ಡಾಕ್ಟರು ಓಡಿ ಬಂದು ಎರಡು ಜೀವ ಉಳಿಸಿದ್ದರು. “ಟೌನಿಂದ ಡಾಕ್ಟ್ರು ಬರೋ ಒತ್ಗೆ ಕರಾನೂ ಇರಲ್ಲ, ಅಸಾನೂ ಇರಲ್ಲ ಮೇಷ್ಟ್ರೆ” ಎಂದರು.

ನಾನು ಒಳಗಿನಿಂದ ಕೋಷ್ಟಕ ತಂದು ತೋರಿಸಿದೆ. ನಿಮ್ಮ ಊರಿನವರೇ ಹೇಳಿದ್ದು ಎಂದೆ. ಅವರು ಅಂಕಿಗಳ ಮೇಲೆ ಬೆರಳಾಡಿಸಿ ನನ್ನ ಮುಖ ನೋಡಿದರು.

“ನೀವೂ ಈ ಸೀಮೆಯೋರೇ ಅಲ್ವಾ? ಯಾರಾದ್ರೂವೆ ದನ ಎಣ್ಸಿ ಬಾಯ್ಬುಟ್ಟು ಏಳ್ತಾರಾ? ದಿಷ್ಟಿ ಆಗಲ್ವಾ? ನಿಮ್ಮವ್ವ ಇಷ್ಟೂ ಏಳ್ಕೊಡ್ನಿಲ್ವಾ?”

ಹೇಳಿಕೊಟ್ಟಿದ್ದಳು. ಅದೇ ನಾಚಿಕೆಯ ವಿಷಯ. ನಮ್ಮ ಕೊಟ್ಟಿಗೆಯಲ್ಲಿ ಎಷ್ಟಿವೆ ಎಂದು ಯಾರಾದರೂ ಕೇಳಿದರೆ ಅವ್ವ ಮಳೆಯ ಮಾತು ತೆಗೆಯುತ್ತಿದ್ದಳು. ಕೊಟ್ಟಿಗೆಯತ್ತ ಬೆರಳು ತೋರಿಸಿ ಒಂದು, ಎರಡು ಎಂದು ಎಣಿಸಿದ್ದಕ್ಕೆ ನನ್ನ ಬೆನ್ನ ಮೇಲೆ ಒಂದು ಏಟೂ ಬಿದ್ದಿತ್ತು. ಇಷ್ಟು ತಿಳಿದವನು ಪದವಿಗಳನ್ನು ಹೊತ್ತುಕೊಂಡು ಬಂದು ಮೊದಲ ಬಾರಿ ಹಸು ನೋಡಿದವನ ಹಾಗೆ ಪ್ರಶ್ನೆ ಕೇಳಿದ್ದೆ. ನಮ್ಮ ಶಾಸ್ತ್ರ ಮನುಷ್ಯ ಸುಳ್ಳು ಹೇಳಬಹುದೆಂದು ಒಪ್ಪುತ್ತದೆ, ಅದಕ್ಕೆ ಸೂತ್ರವನ್ನೂ ಕೊಡುತ್ತದೆ. ಮರ್ಯಾದೆಗಾಗಿ ಉತ್ತರ ತಪ್ಪಿಸುವವರಿಗೆ ಸೂತ್ರವಿಲ್ಲ. ಆಮೇಲೆ ಹೊಸಹೊಳಲಿನ ಕಡೆ ಸುತ್ತಾಡುವಾಗ, ದನ ಬಿಡಿಸಲು ಹೋರಾಡಿ ಸತ್ತವರ ವೀರಗಲ್ಲುಗಳನ್ನು ಬಲ್ಲವರಿಂದ ಓದಿಸಿ ಕೇಳಿದೆ. ಯಾರು ಸತ್ತರೆಂದು ಇತ್ತು, ದನಗಳೆಷ್ಟು ಎಂದು ನಾನು ಕೇಳಿದ ಯಾವುದರಲ್ಲೂ ಇರಲಿಲ್ಲ. ಕಲ್ಲು ಕೆತ್ತಿದವನಿಗೂ ನನಗಿಂತ ಹೆಚ್ಚು ತಿಳಿದಿತ್ತು ಅನ್ನಿಸಿತು. ನನಗೆ ಬೇಕಾದ ಕಲ್ಲುಗಳನ್ನು ಮಾತ್ರ ಓದಿಸಿಕೊಂಡಿರಲೂಬಹುದು; ಆ ಅಭ್ಯಾಸ ನನಗಿದೆ.

ಈ ಕಥೆಯನ್ನು ಭಾಷಣಗಳಲ್ಲಿ ಹೇಳುವಾಗ ಇಲ್ಲಿ ನಾನು ತಕ್ಷಣ ತಪ್ಪೊಪ್ಪಿಕೊಳ್ಳುತ್ತೇನೆ. ನನ್ನ ಹೆಂಡತಿಯ ನೆನಪಿನಲ್ಲಿ ಹಾಗಿಲ್ಲ. ಅವಳ ಪ್ರಕಾರ ನಾನು ಅರ್ಧ ಗಂಟೆ ವಾದ ಮಾಡಿದೆ, ಅವಳು ಕಾಫಿ ತಂದಿಟ್ಟ ಮೇಲೆ ಸುಮ್ಮನಾದೆ. ಎಣಿಸಬಾರದ್ದನ್ನು ಎಣಿಸುವ ಉಪಾಯ ಯಾರದೆಂಬುದರಲ್ಲೂ ಜಗಳವಿದೆ. ಪುಟ್ಟತಾಯಮ್ಮ, “ದನ ಕೇಳ್ಬ್ಯಾಡಿ, ಅಗ್ಗ ಕೇಳಿ” ಎಂದರು ಎಂದು ನನ್ನ ನೆನಪು. ಸಂಕ್ರಾಂತಿಗೆ ಕಿಚ್ಚು ಹಾಯಿಸುವ ಮೊದಲು ಪ್ರತಿ ದನಕ್ಕೂ ಹೊಸ ಹಗ್ಗ ಹಾಕುವ ರೂಢಿ ಆ ಊರಲ್ಲಿದೆ. ಹಗ್ಗಕ್ಕೆ ದೃಷ್ಟಿಯಾಗುವುದಿಲ್ಲ. ಆದರೆ ಪಾಂಡವಪುರದಲ್ಲಿ ಹಗ್ಗದ ಅಂಗಡಿ ಇಟ್ಟಿರುವುದು ಇಸ್ಮಾಯಿಲ್‌ನ ಅಣ್ಣ. “ಹಗ್ಗ ಅಂದಿದ್ದು ನಾನು ಸಾಬ್. ನೀವು ಅದನ್ನ ಅಮ್ಮಂಗೆ ಕೊಟ್ಬುಟ್ರಿ” ಎಂದು ಅವನು ಈಗಲೂ ಕಾರಿನ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾನೆ. ಇಬ್ಬರೂ ಹೇಳಿರಬಹುದು. ನನಗೆ ಹೊಳೆಯಲಿಲ್ಲ ಎಂಬುದೊಂದೇ ಖಚಿತ.

ಅದೇ ಊರಿಗೆ, ಅದೇ ಜಗುಲಿಗಳಿಗೆ ಮತ್ತೆ ಹೋದೆ. ಹೋದ ಸಂಕ್ರಾಂತಿಗೆ ಹೊಸ ಹಗ್ಗ ಎಷ್ಟು ಬೇಕಾಯಿತು ಎಂದು ಕೇಳಿದೆ. ಜನ ಖುಷಿಯಿಂದ ಹೇಳಿದರು. ಕರುವಿನ ಹಗ್ಗ ಬೇರೆ, ಎತ್ತಿನ ಹಗ್ಗ ಬೇರೆ ಎಂದು ತಿದ್ದಿದರು. ನನ್ನ ಸುಂದರ ಕೋಷ್ಟಕ ಚೆಲ್ಲಾಪಿಲ್ಲಿಯಾಯಿತು.

ಸಮಿತಿಯ ಮುಂದೆ ನಿಂತು ನನ್ನ ಶಿಫಾರಸನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಯಾವ ಆಧಾರದ ಮೇಲೆ ಎಂದು ಕೇಳಿದರು. ಹಗ್ಗ ಎಂದೆ. ಸಂಖ್ಯಾಶಾಸ್ತ್ರಜ್ಞರು ಕನ್ನಡಕ ತೆಗೆದರು, ಈ ಸಲ ಒರೆಸಲಿಲ್ಲ. ಒಬ್ಬಿಬ್ಬರು ನಕ್ಕರು. ಕೆ.ಆರ್. ಪೇಟೆ ಕಡೆಯ ಹಿರಿಯ ಅಧಿಕಾರಿಯೊಬ್ಬರು ಅಷ್ಟು ಹೊತ್ತು ಕಡತ ನೋಡುತ್ತಿದ್ದವರು ತಲೆಯೆತ್ತದೆ, “ನಮ್ಮವ್ವನೂ ಎಣಿಸೋಕೆ ಬಿಡ್ತಿರಲಿಲ್ಲ. ಬರ್ಕೊಳ್ಳಿ” ಎಂದರು. ಆದೇಶ ರದ್ದಾಯಿತು. ಡಾಕ್ಟರು ಊರಲ್ಲೇ ಉಳಿದರು. ಪುಟ್ಟತಾಯಮ್ಮನ ಹಸುವಿಗೆ ಆ ಸಲವೂ ಕರು ಅಡ್ಡವೇ ಬಂತಂತೆ. ಡಾಕ್ಟರು ಊಟದ ಕೈಯಲ್ಲೇ ಓಡಿ ಬಂದರಂತೆ.

ಮರುವರ್ಷ ಇಲಾಖೆಯ ಸಮೀಕ್ಷಾ ನಮೂನೆಯಲ್ಲಿ ‘ಹೊಸ ಹಗ್ಗಗಳ ಸಂಖ್ಯೆ’ ಎಂಬ ಅಂಕಣವೇ ಅಚ್ಚಾಗಿತ್ತು. ಹೆಮ್ಮೆಯಿಂದ ಅದನ್ನು ಪುಟ್ಟತಾಯಮ್ಮನಿಗೆ ತೋರಿಸಲು ಹೋದೆ. ಆ ಕರು ನನ್ನ ಪಂಚೆಯ ಅಂಚು ಜಗಿಯುತ್ತಿತ್ತು. ಅವರು ನಮೂನೆಯನ್ನು ಮಡಿಸಿ ವಾಪಸು ಕೊಟ್ಟರು.

“ಅಗ್ಗ ಅಂದ್ರೇನು ಅಂತ ಈಗ ಎಲ್ರಿಗೂ ಗೊತ್ತಾಗೋಯ್ತಲ್ಲ ಮೇಷ್ಟ್ರೆ. ಇನ್ನು ಅದ್ನೂ ಏಳಂಗಿಲ್ಲ.”

ಹಾಗಾದರೆ ಮುಂದಿನ ಸಮೀಕ್ಷೆಯಲ್ಲಿ ಏನು ಕೇಳಬೇಕು? ಆಸ್ಪತ್ರೆಯ ಗತಿಯೇನು? ನಾನು ಪುಸ್ತಕ ತೆರೆದು ಪೆನ್ನು ಹಿಡಿದೆ.

“ಈಗ ಏಳುದ್ರೆ ಇದ್ನೂ ಅಚ್ಚಾಕ್ಸ್ಬುಡ್ತೀರ. ಕೇಳೋರು ಬರ್ಲಿ, ಇಲ್ಲಿ ಕೂತ್ಕಳ್ಲಿ. ಆಗ ಏಳ್ತೀನಿ.”

ಪುಸ್ತಕ ಮುಚ್ಚಿದೆ. ಕೇಳುವವರು ಬಂದು ಕೂರಲಿ ಎಂಬುದೇ ಸರ್ಕಾರಕ್ಕೆ ನಾನು ಕೊಡಬಹುದಾಗಿದ್ದ ಅತ್ಯುತ್ತಮ ಸಲಹೆ ಇರಬೇಕು. ಅಚ್ಚು ಹಾಕಿಸುತ್ತಾರೆಂದು ಹೆದರಿ ಕೊಡಲಿಲ್ಲ.