ಅಕ್ಕೋರು ಉಳಿಸಿಕೊಂಡರು

ಅವರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಎಂದೋ ಚೆಂಡು ಬಡಿದು ಮುರಿದದ್ದು ಸೊಟ್ಟಗೇ ಕೂಡಿಕೊಂಡು, ಉಳಿದ ನಾಲ್ಕು ಬೆರಳುಗಳಿಗೂ ತನಗೂ ಸಂಬಂಧವಿಲ್ಲದಂತೆ ಹೊರಕ್ಕೆ ಚಾಚಿರುತ್ತಿತ್ತು. ಚಹಾದ ಕಪ್ಪು ಹಿಡಿದಾಗಲೂ ಹಾಗೆಯೇ. ಅದನ್ನು ಬಿಂಕವೆಂದು ತಿಳಿದು ನಗುವವರಿದ್ದರು. ಮೊದಲ ವಾರ ನಾನೂ ನಕ್ಕಿದ್ದೆ.

ರಾಣೆಬೆನ್ನೂರಿನ ನಮ್ಮ ಕಾಲೇಜಿನಲ್ಲಿ ಅವರು ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಕರೆಯುವಂತೆ ಅವರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಎಂಬತ್ತರ ದಶಕದ ಮಾತು. ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಕ್ಯಾನ್ವಾಸ್ ಬೂಟು ತೊಟ್ಟು, ಬಾಸ್ಕೆಟ್‌ಬಾಲ್ ಆಡುವ ಮಣ್ಣಿನ ಅಂಗಳಕ್ಕೆ ಸುಣ್ಣದ ಗೆರೆಯನ್ನು ತಾವೇ ಎಳೆಯುತ್ತಿದ್ದರು.

ಅವರಿಗೊಂದು ಚಟವಿತ್ತು. ಬಸ್‌ಸ್ಟ್ಯಾಂಡಿರಲಿ, ಸಂತೆಯಿರಲಿ, ಹುಡುಗಿಯರ ಮುಖಕ್ಕಿಂತ ಮೊದಲು ಮಣಿಕಟ್ಟು, ಭುಜ, ಪಾದ ನೋಡುತ್ತಿದ್ದರು. ದೊಡ್ಡ ಊರಿನ ಕಾಲೇಜುಗಳು ಆಡಲು ಬರುವವರನ್ನೇ ಆರಿಸಿ ಸೇರಿಸಿಕೊಳ್ಳುತ್ತಿದ್ದವು. ಅಕ್ಕೋರಿಗೆ ಸಿಗುತ್ತಿದ್ದವರು ಯಾರೂ ಕೇಳದ ನಾವು. ನಮ್ಮಂಥವರನ್ನು ಮೂರು ವರ್ಷ ತಿದ್ದಿ, ಆಟದ ಮೇಲೆ ನೌಕರಿ ಕೊಡುವ ರೈಲ್ವೆ, ಪೊಲೀಸ್ ತಂಡಗಳ ಆಯ್ಕೆಗೆ ಕರೆದೊಯ್ಯುತ್ತಿದ್ದರು. ನನಗಿಂತ ಮುಂಚೆ ಇಬ್ಬರು ಹಾಗೆ ದಾಟಿಹೋಗಿದ್ದರು.

ನಾನು ಹಲಗೇರಿಯವಳು. ಬಸ್ಸಿನ ಹಿಂದಿನ ಏಣಿಯ ಒಂದೇ ಮೆಟ್ಟಿಲು ಹತ್ತಿ ಮೇಲಿನ ಗಂಟು ಇಳಿಸಿಕೊಳ್ಳುತ್ತಿದ್ದಾಗ ಅವರ ಕಣ್ಣಿಗೆ ಬಿದ್ದೆ. ಆಗ ಬೆನ್ನು ಬಗ್ಗಿಸಿಕೊಂಡೇ ನಡೆಯುತ್ತಿದ್ದೆ. ನನ್ನ ಎತ್ತರ ಕಂಡು ಎರಡು ಸಂಬಂಧ ಹಿಂದಿರುಗಿದ್ದವು.

"ಬೆನ್ನು ನೆಟ್ಟಗ ಮಾಡು ತಂಗಿ" ಎಂದರು. "ಎತ್ತರ ನಿಮ್ಮವ್ವ ಅಪ್ಪ ಕೊಟ್ಟದ್ದು, ಅದರಾಗ ನಿಂದೇನೂ ಇಲ್ಲ. ಜಿಗಿಯೂದು ಮಾತ್ರ ನಿಂದು."

ಮರುವರ್ಷ ಬ್ಯಾಡಗಿಯಿಂದ ಒಬ್ಬಳು ಬಂದಳು. ಅವಳ ಅಮ್ಮಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ತಾಯಿಗೆ ಕೈಜೋಡಿಸಿ ಬರುತ್ತಿದ್ದ ಹುಡುಗಿ ಚೆಂಡು ಮುಟ್ಟುವ ಮೊದಲು ಮೂರು ಮೂರು ಸಲ ಕೈ ತೊಳೆಯುವಳು. ಇಲ್ಲದಿದ್ದರೆ ಚೆಂಡು ಹಿಡಿದು ಬೆವರು ಒರೆಸಿಕೊಂಡವರ ಕಣ್ಣು ಉರಿಯುತ್ತಿತ್ತು. ಅವಳು ನನಗಿಂತ ಗಿಡ್ಡ, ನನಗಿಂತ ಎಷ್ಟೋ ಚೆನ್ನಾಗಿ ಆಡುತ್ತಿದ್ದಳು. "ಮುಂದಿನ ವರ್ಷ ಈಕಿದು" ಎಂದು ಅಕ್ಕೋರು ನಮ್ಮೆದುರೇ ಹೇಳುತ್ತಿದ್ದರು.

ಆ ವರ್ಷ ಧಾರವಾಡದಲ್ಲಿ ಕಾಲೇಜುಗಳ ಪಂದ್ಯ. ನಾವು ಸೋತೆವು, ಆದರೆ ನಾನು ಚೆನ್ನಾಗಿ ಆಡಿದ್ದೆ. ದೊಡ್ಡ ಊರಿನ ತಂಡವೊಂದರ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, "ನಾಳೆ ಬೆಳಿಗ್ಗೆ ಬಾಮ್ಮ, ನೋಡೋಣ. ಆ ಸಣ್ಣ ಕಾಲೇಜಲ್ಲಿ ಇದ್ದು ಏನ್ಮಾಡ್ತೀಯ?" ಎಂದರು. ನಾನು ಯಾರಿಗೂ ಹೇಳಲಿಲ್ಲ. ಸಂಜೆ ನಮ್ಮವರೆಲ್ಲ ಬಸ್ಸಿಗೆ ಹೊರಡುವಾಗ ನೀರು ಕುಡಿದು ಬರುವೆನೆಂದು ಹೋಗಿ, ಆ ಕೋಚ್‌ನ ತಂಡದ ಹುಡುಗಿಯರು ಇಳಿದುಕೊಂಡಿದ್ದ ಹಾಸ್ಟೆಲಿನಲ್ಲಿ ಅಡಗಿ ಕೂತೆ. ನನ್ನನ್ನು ಮಣ್ಣಿನಿಂದ ಎತ್ತಿದವರು ಹೊರಗೆ ನನ್ನ ಹೆಸರು ಹಿಡಿದು ಕೂಗುತ್ತಿದ್ದದ್ದು ನನಗೆ ಕೇಳಿಸಿತು.

ಮರುದಿನ ಆ ಕೋಚ್ ಅರ್ಧ ತಾಸು ಆಡಿಸಿ ನೋಡಿದರು. "ಹೈಟ್ ಇದೆ. ಎಡಗೈ ಇಲ್ವೇ ಇಲ್ಲ. ಆಗಲ್ಲಮ್ಮ" ಎಂದು ಹೇಳಿ ಮುಗಿಸಿದರು. ತಿರುಗಿದರೆ ಬೇಲಿಯ ಆಚೆ ಅಕ್ಕೋರು ನಿಂತಿದ್ದರು. ನಿನ್ನೆ ಉಟ್ಟ ಸೀರೆಯೇ ಮೈಮೇಲಿತ್ತು. ಉಳಿದವರನ್ನು ಜವಾನನ ಜೊತೆ ಕಳಿಸಿ, "ನಾವಿಬ್ರೂ ನಾಳೆ ಬರ್ತೇವಿ" ಎಂದಷ್ಟೇ ಅವನಿಗೆ ಹೇಳಿ, ಒಬ್ಬರೇ ಉಳಿದು ಹುಡುಕಿದ್ದರು.

ಇಬ್ಬರೂ ಊರಿನ ಬಸ್ಸು ಹತ್ತಿದೆವು. ಹಾವೇರಿಯಲ್ಲಿ ಅವರು ಇಳಿದು ಮಂಡಕ್ಕಿಯ ಗಿರ್ಮಿಟ್ ಕಟ್ಟಿಸಿಕೊಂಡು ಬಂದು ನನ್ನ ತೊಡೆಯ ಮೇಲಿಟ್ಟರು.

"ತಿನ್ನು. ಏನಂದ ಅವ?"

"ಎಡಗೈ ಇಲ್ಲ ಅಂದ್ರು."

"ಖರೇ ಅಂದಾನ. ನನಗ ಹೊಳಿದಿರಲಿಲ್ಲ. ನಾಳಿಂದ ಎಡಗೈ ಮಾಡೂಣು."

ಅಷ್ಟೇ. ನಾನು ತಪ್ಪಾಯಿತು ಎನ್ನಬೇಕಿತ್ತು. ಗಿರ್ಮಿಟ್ ತಿಂದೆ.

ಕಾಲೇಜಿಗೆ ಬಂದರೆ ಪ್ರಿನ್ಸಿಪಾಲರ ಕೋಣೆಯಲ್ಲಿ ಅಪ್ಪ ಕೂತಿದ್ದ. ತಂಡ ಬಂದರೂ ಮಗಳು ಬರಲಿಲ್ಲವೆಂದು ಮುಂಜಾನೆಯೇ ಹಲಗೇರಿಯಿಂದ ಬಂದಿದ್ದ. ಅವನ ಕಣ್ಣು ಕೆಂಪಾಗಿತ್ತು. "ಎಲ್ಲಿದ್ದಿ?" ಎಂದ.

ನಿಜ ಹೇಳಿದ್ದರೆ ನನ್ನ ಓದು ಅಂದಿಗೇ ಮುಗಿಯುತ್ತಿತ್ತು. ಗಳಗನಾಥದ ಕಡೆಯ ಒಂದು ಸಂಬಂಧ ಆಗಲೇ ಕಾದು ಕೂತಿತ್ತು. ಆದರೆ ಅದನ್ನೆಲ್ಲ ನಾನು ಯೋಚಿಸಿ ಹೇಳಿದೆನೆಂದರೆ ಅದೂ ಸುಳ್ಳು. ಬಾಯಿಗೆ ಬಂತು, ಹೇಳಿದೆ.

"ಅಕ್ಕೋರು ಉಳಿಸ್ಕೊಂಡಿದ್ರು. ಪ್ರಾಕ್ಟೀಸಿಗೆ."

ಅಕ್ಕೋರು ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ತಲೆ ಎತ್ತಲಿಲ್ಲ. ಸುಣ್ಣ ಸಿಡಿದ ಅವರ ಬೂಟುಗಳಷ್ಟೇ ನನಗೆ ಕಾಣುತ್ತಿದ್ದವು.

"ಹೌದೇನ್ರಿ?" ಎಂದರು ಪ್ರಿನ್ಸಿಪಾಲರು. "ವಯಸ್ಸಿಗೆ ಬಂದ ಹುಡುಗೀನ ಮನಿಗೆ ಹೇಳದ ಪರ ಊರಾಗ ಇಟ್ಕೊಂಡಿದ್ರೇನು?"

ಆ ಬೂಟುಗಳು ಅರ್ಧ ಹೆಜ್ಜೆ ಮುಂದೆ ಸರಿದವು.

"ಹೌದ್ರಿ ಸರ. ನಾನ ಉಳಿಸ್ಕೊಂಡಿದ್ದೆ. ಹೇಳಿ ಕಳಿಸಬೇಕಿತ್ತು. ತಪ್ಪಾತು."

ಆ ವಾರವೇ ನೋಟೀಸ್ ಬೋರ್ಡಿಗೆ ಕಾಗದ ಬಿತ್ತು: ಇನ್ನು ಮುಂದೆ ಹುಡುಗಿಯರು ಆಟಕ್ಕಾಗಿ ಊರು ಬಿಟ್ಟು ಹೋಗುವಂತಿಲ್ಲ. ತಂಡ ಮುರಿಯಿತು. ಅಂಗಳದಲ್ಲಿ ಹುಡುಗರು ವಾಲಿಬಾಲ್ ನೆಟ್ ಕಟ್ಟಿದರು. ವರ್ಷದ ಕೊನೆಗೆ ಅಕ್ಕೋರನ್ನು ಲೈಬ್ರರಿಗೆ ಹಾಕಿದರು. ಆಮೇಲೆ ಕೊನೆಯವರೆಗೂ ಅವರು ಪುಸ್ತಕಕ್ಕೆ ಮುದ್ರೆ ಒತ್ತಿದರು.

ಅಪ್ಪ ನನ್ನನ್ನು ಎರಡು ವಾರ ಕಾಲೇಜಿಗೆ ಕಳಿಸಲಿಲ್ಲ. ಮೂರನೆಯ ವಾರ, ಭಾನುವಾರ, ಅಕ್ಕೋರು ಹಲಗೇರಿಗೆ ಬಂದರು. ಅವ್ವ ಕೊಟ್ಟ ಚಹಾ ಹಿಡಿದು ನಾನು ಒಳಬಾಗಿಲ ಹಿಂದೆ ನಿಂತಿದ್ದೆ. ಪಡಸಾಲೆಯಲ್ಲಿ ಅವರು ಅಪ್ಪನಿಗೆ ಹೇಳುತ್ತಿದ್ದರು:

"ನಂದು ತಪ್ಪಾಗೇದ್ರಿ ಯಜಮಾನ್ರ. ಇನ್ನ ಹಂಗ ಉಳಿಸ್ಕೊಳ್ಳೂದಿಲ್ಲ. ಮುಂಜಾನೆ ಒಂದು ತಾಸು ನಮ್ಮ ಮನಿಗೆ ಕಳಸ್ರಿ, ನಮ್ಮವ್ವ ಇರ್ತಾಳ. ರೈಲ್ವೆಯವರು ಬರೂ ವರ್ಷ ಆರಿಸ್ತಾರ. ಈಕಿ ಆಗ್ತಾಳ."

ಅಪ್ಪ ಎಲೆಗೆ ಸುಣ್ಣ ಹಚ್ಚಿ ಮಡಚಿ, ಬಾಯಿಗಿಡದೆ ಪಕ್ಕಕ್ಕಿಟ್ಟ. ಆಮೇಲೆ, "ನೀವು ಇಷ್ಟು ತನ ಬಂದು ತಪ್ಪು ಅಂದ ಮ್ಯಾಲ ನಾ ಏನು ಅನ್ಲಿರಿ ಅಕ್ಕೋರ" ಎಂದ. ನನ್ನ ಕೈಯಲ್ಲಿ ಚಹಾ ಆರಿಹೋಯಿತು. ಮೂರು ಹೆಜ್ಜೆ ಮುಂದಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅಡಿಗೆಮನೆಗೆ ಹಿಂದಿರುಗಿ ಚಹಾ ಬಿಸಿ ಮಾಡಿದೆ.

ಮುಂದಿನ ಒಂದು ವರ್ಷ ಅವರ ಬಾಡಿಗೆ ಮನೆಯ ಹಿತ್ತಲಿನಲ್ಲಿ, ಗೋಡೆಗೆ ಬಡಿದ ಕಬ್ಬಿಣದ ರಿಂಗಿನ ಕೆಳಗೆ, ನನ್ನ ಬಲಗೈಯನ್ನು ಸೊಂಟಕ್ಕೆ ಪಂಜೆಯಿಂದ ಕಟ್ಟಿ ಎಡಗೈಯಲ್ಲಿ ಆಡಿಸಿದರು. ಎಡಗೈಯಿಂದ ಬಾಗಿಲು ತೆಗೆಯಬೇಕು, ಎಡಗೈಯಿಂದ ಬಾವಿಯ ಹಗ್ಗ ಎಳೆಯಬೇಕು. ಒಮ್ಮೆ ನಾನು ಅತ್ತೆ. "ಅಳು, ಆದರ ಚೆಂಡು ನಿಂದ್ರಸಬ್ಯಾಡ" ಎಂದರು. ಅದೊಂದು ವರ್ಷದಲ್ಲಿ ಧಾರವಾಡದ ಮಾತನ್ನು ಅವರು ಎತ್ತಲಿಲ್ಲ.

ಹುಬ್ಬಳ್ಳಿಯಲ್ಲಿ ರೈಲ್ವೆಯ ಆಯ್ಕೆ ನಡೆಯಿತು. ರಜೆ ಹಾಕಿ ಅವರೇ ಕರೆದುಕೊಂಡು ಹೋದರು. ಬಲಗಡೆ ಇಬ್ಬರು ಅಡ್ಡ ನಿಂತಾಗ ನಾನು ಎಡಕ್ಕೆ ಸರಿದು, ಎಡಗೈಯಿಂದ ಚೆಂಡನ್ನು ರಿಂಗಿಗೆ ಎತ್ತಿ ಹಾಕಿದೆ. ಆಯ್ಕೆಗಾರರಲ್ಲೊಬ್ಬರು ಪಕ್ಕದವರಿಗೆ ನನ್ನ ನಂಬರು ತೋರಿಸಿದರು. ನೌಕರಿ ಸಿಕ್ಕಿತು. ಅಪ್ಪ ಊರಿಗೆಲ್ಲ ಪೇಢೆ ಹಂಚಿದ.

ಒಮ್ಮೆ ಮಾತ್ರ ಬಾಯಿ ತೆರೆದೆ. ನಾಲ್ಕೈದು ವರ್ಷಗಳ ಮೇಲೆ ಲೈಬ್ರರಿಗೆ ಹೋಗಿ ಅವರೆದುರು ಕೂತು, "ಅಕ್ಕೋರ, ಅವತ್ತು ಪ್ರಿನ್ಸಿಪಾಲರ ಮುಂದ..." ಎಂದೆ. ಅವರು ಮುದ್ರೆ ಒತ್ತುತ್ತಲೇ, "ಮೊಣಕಾಲು ಹೆಂಗೈತಿ ಈಗ? ಊದತದೇನು?" ಎಂದರು. ನಾನು ಮೊಣಕಾಲಿನ ಸುದ್ದಿ ಹೇಳಿದೆ. ಹೊರಗೆ ಬಂದಾಗ ನನಗೆ ಹಗುರಾಗಿತ್ತು. ಆ ಹಗುರವನ್ನು ನೆನೆದರೆ ಇಂದೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಕಾಮಾಲೆಯಾಗಿ ಹೋದರು. ಅವರ ಮಣ್ಣಿಗೆ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಲು ನನಗಾಗಲಿಲ್ಲ. ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟು ನನ್ನನ್ನು ಕರೆದರು. ಅಕ್ಕೋರು ಬೆಳೆಸಿದವರಲ್ಲಿ ಎಲ್ಲರಿಗಿಂತ ದೂರ ಹೋದವಳು ನಾನಂತೆ. ಚೆನ್ನಾಗಿಯೇ ಮಾತಾಡಿದೆ. ಎಡಗೈಯ ಕಥೆ ಹೇಳಿದೆ, ಜನ ಕಣ್ಣೊರೆಸಿಕೊಂಡರು. ಲೈಬ್ರರಿಗೆ ಅವರು ಯಾಕೆ ಹೋದರೆಂಬುದನ್ನು ಹೇಳಲಿಲ್ಲ.

ಸಭೆ ಮುಗಿದು ಬಸ್‌ಸ್ಟ್ಯಾಂಡಿಗೆ ಬಂದಾಗ ಬ್ಯಾಡಗಿಯ ಹುಡುಗಿ ಸಿಕ್ಕಳು. ಈಗ ಹುಡುಗಿಯಲ್ಲ. ಕರ್ಜಗಿಗೆ ಮದುವೆಯಾಗಿ ಹೋಗಿ ಅಲ್ಲೇ ಅಂಗನವಾಡಿ ನಡೆಸುತ್ತಿದ್ದಾಳೆ. ಪಕ್ಕದಲ್ಲಿ ಕೂತು ನನ್ನ ಮಕ್ಕಳನ್ನು ವಿಚಾರಿಸಿದಳು. ನಾನು ಸುಮ್ಮನೆ, "ತಂಡ ನಿಂತಾಗ ನಿಂಗ ಭಾಳ ತ್ರಾಸ ಆಗಿರಬೇಕು" ಎಂದೆ.

"ಆತ್ರಿ" ಎಂದಳು. "ನಾವು ಆರು ಮಂದಿ ಪ್ರಿನ್ಸಿಪಾಲರ ಕಡೆ ಹೊಂಟಿದ್ವಿ ಅಕ್ಕಾ. ನೀವು ತಪ್ಪಿಸ್ಕೊಂಡು ಹೋಗಿದ್ದು, ಅಕ್ಕೋರು ಹುಡುಕಾಕ ಉಳದಿದ್ದು ನಮಗೆಲ್ಲ ಗೊತ್ತಿತ್ತಲ್ಲ. ಮೆಟ್ಟಲದಾಗ ಅಕ್ಕೋರು ಅಡ್ಡ ನಿಂತ್ರು. ಯಾರೂ ಬಾಯಿ ಬಿಡಬ್ಯಾಡ್ರಿ ಅಂದ್ರು."

"ನೀ ಯಾಕ ಅವರ ಮಾತು ಕೇಳಿದಿ? ನಿಂದೂ ಹೋತಲ್ಲ ಎಲ್ಲಾ."

ಅವಳು ಸೆರಗು ಸರಿಮಾಡಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನೂ ಕೇಳಿದ್ನಿರಿ, ನಮ್ದೇನ್ರಿ ಅಕ್ಕೋರ ಅಂತ. ಹುಡುಗಿ ತಪ್ಪಿಸ್ಕೊಂಡು ಹೋಗಿದ್ಲು ಅಂತ ಈಗ ಹೇಳಿದ್ರ ಆಕಿದೂ ಹೋಗತದ, ನಿಮ್ದೂ ಬರೂದಿಲ್ಲ. ಒಬ್ಬಾಕಿಯರ ದಾಟಿ ಹೋಗ್ಲಿ ಅಂದ್ರು. ಅಂದು ಅತ್ರು."

ನಾನು ಅಕ್ಕೋರು ಅತ್ತದ್ದನ್ನು ನೋಡಿದವಳಲ್ಲ. ನನ್ನ ಸುಳ್ಳು ನನಗೂ ಅವರಿಗೂ ಮಾತ್ರ ಗೊತ್ತೆಂದು ನಂಬಿಕೊಂಡು ಇಷ್ಟು ವರ್ಷ ಕಳೆದಿದ್ದೆ. ಆರು ಜನ ಹುಡುಗಿಯರು ತಮ್ಮ ಆಟವನ್ನು ಕಳೆದುಕೊಂಡು ಆ ಸುಳ್ಳನ್ನು ಕಾಪಾಡಿದ್ದರು. ಅವಳ ಕೈ ಹಿಡಿಯಬೇಕೆನಿಸಿತು. ಹಿಡಿಯುವಷ್ಟರಲ್ಲಿ ಅವಳ ಬಸ್ಸು ಬಂತು. ಕಿಟಕಿಯಿಂದ ಬಗ್ಗಿ, "ಒಮ್ಮೆ ಕರ್ಜಗಿಗೆ ಬರ್ರಿ ಅಕ್ಕಾ, ಕುಂತು ಮಾತಾಡೂಣು" ಎಂದಳು.

ಆಮೇಲೆ ಎರಡು ಸಲ ಹೊರಟಿದ್ದೇನೆ. ಎರಡು ಸಲವೂ ಹಾವೇರಿಯವರೆಗೆ ಹೋಗಿ, ಕರ್ಜಗಿಯ ಬಸ್ಸು ನಿಲ್ಲುವಲ್ಲಿ ಸ್ವಲ್ಪ ಹೊತ್ತು ನಿಂತು, ಹಿಂದಿರುಗಿ ಬಂದಿದ್ದೇನೆ.