ಎದೆಗೆ ಕುಸುಬಿ ಹೂವು

ಆಗಿನ ಜನವರಿಯೆಂದರೆ ನೇಸರಗಿ ಕಡೆಯ ನಮ್ಮೂರಿನ ಹೊಲಗಳಲ್ಲಿ ಸೀತನಿ ಸುಡುವ ಘಮ, ಬಾಯಿತುಂಬ ಬಿಸಿಬಿಸಿ ಎಳೆಜೋಳ, ನಂಜಿಕೊಳ್ಳಲು ಶೇಂಗಾ ಹಿಂಡಿ. ದನ ನುಗ್ಗದಿರಲೆಂದು ಜೋಳದ ಸುತ್ತ ಬಿತ್ತಿದ ಕುಸುಬಿ ಮೈತುಂಬ ಮುಳ್ಳಿಟ್ಟುಕೊಂಡು ಕೆಂಪಗೆ ಅರಳಿರುತ್ತಿತ್ತು. ಅದನ್ನು ಯಾರೂ ಹೂವೆಂದು ಲೆಕ್ಕಕ್ಕೆ ಹಿಡಿದವರಲ್ಲ. ಕುಸುಬಿ ಎಂದರೆ ಎಣ್ಣೆ, ಅಷ್ಟೆ.

ಹಿಂದಿನ ವರ್ಷ ನಮ್ಮ ಸಣ್ಣ ಕಾಕಾ ಗಡಿಯಲ್ಲಿ ತೀರಿಕೊಂಡಿದ್ದ. ಅವನ ಹೆಸರೆತ್ತಿದರೆ ಆಯಿ, ಅಂದರೆ ನಮ್ಮ ಅಜ್ಜಿ, ಕಣ್ಣಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಕಾಕಾನ ಹೆಂಡತಿ ಚಿಗವ್ವ ಎದ್ದು ಒಳಗೆ ಹೋಗುತ್ತಿದ್ದಳು. ಓಣಿಗೆ ಹೂಗಾರ ಬಂದಾಗಲೂ ಅಷ್ಟೆ. ಗಂಡನಿಲ್ಲದವಳು ಹೂವು ಮುಟ್ಟಬಾರದೆಂಬುದು ಆಯಿಯ ಕಟ್ಟುನಿಟ್ಟು.

ಆಗಲೇ ನದಾಫ ಸರ್ ಒಂದು ದಿನ ಪಾಠದ ನಡುವೆ ಹೇಳಿದರು, "ಇಂಗ್ಲೆಂಡಿನ್ಯಾಗ ಸತ್ತ ಸೈನಿಕರ ನೆನಪಿಗೆ ಎದಿಗೆ ಕೆಂಪು ಗಸಗಸಿ ಹೂ ಚುಚ್ಚಿಕೋತಾರ."

ನಾವು ಮುಖಮುಖ ನೋಡಿಕೊಂಡೆವು. ಗಸಗಸಿ ನಮಗೆ ಕರ್ಚಿಕಾಯಿಯ ಹೂರಣದಲ್ಲಷ್ಟೇ ಗೊತ್ತು.

"ಗಸಗಸಿ ಇಲ್ಲದಿದ್ರ ಕುಸುಬಿ ನಡೀತೈತೇನ್ರಿ ಸರ್?" ಎಂದೆ.

"ಯಾಕ ನಡ್ಯೂದಿಲ್ಲ? ಕೆಂಪ ಇದ್ರ ಸಾಕು."

ಗಣರಾಜ್ಯೋತ್ಸವದ ಬೆಳಿಗ್ಗೆ, ಮುಳ್ಳು ಇನ್ನೂ ಇಬ್ಬನಿಗೆ ಮೆತ್ತಗಿರುವಾಗಲೇ ಕುಸುಬಿ ಹೂ ಕಿತ್ತು ತಂದೆವು. ಇಡೀ ಶಾಲೆಯ ಎದೆ ಕೆಂಪಾಯಿತು. ಸೈನಿಕನ ಮನೆಯವರೆಂದು ಕರೆಸಿದ್ದ ಆಯಿ, ಚಿಗವ್ವ ಮುಂದಿನ ಕುರ್ಚಿಗಳಲ್ಲಿ ಕುಳಿತಿದ್ದರು. ನಾನು ಹೂವು, ಅದನ್ನು ಚುಚ್ಚುವ ಟಾಚಣಿ ಹಿಡಿದು ನೇರವಾಗಿ ಚಿಗವ್ವನ ಮುಂದೆ ನಿಂತೆ.

"ಏ ಹುಚ್ಚಿ! ಗಂಡ ಸತ್ತಾಕಿಗೆ ಹೂ ಕೊಡ್ತಾರೇನ?" ಆಯಿ ಎದ್ದು ನಿಂತಳು.

ಇದು ಹೊಳೆದೇ ಇರಲಿಲ್ಲವೆಂಬಂತೆ ಸರ್ ತಲೆ ತಗ್ಗಿಸಿದರು. ಚಿಗವ್ವ ಈಗ ಎದ್ದು ಹೋಗುತ್ತಾಳೆಂದೇ ಅಂದುಕೊಂಡೆ.

ಅವಳು ಹೋಗಲಿಲ್ಲ. ನನ್ನ ಕೈಯಿಂದ ಹೂವು ತೆಗೆದುಕೊಂಡಳು.

"ಮುಡಿಗೇರಿಸಿದ್ರ ನನ್ನ ಹೂವ್ರಿ ಅತ್ತಿ. ಎದಿಗೆ ಚುಚ್ಚಿಕೊಂಡ್ರ ಇದು ಅವರ ಹೂ."

ತಾನೇ ಸೆರಗಿಗೆ ಚುಚ್ಚಿಕೊಂಡಳು. ಮನೆಯಲ್ಲಿ ಗಟ್ಟಿಯಾಗಿ ಮಾತೂ ಆಡದ ಚಿಗವ್ವ! ಅಷ್ಟು ಎತ್ತರದ ಹೆಂಗಸನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಆಯಿ ಬಹಳ ಹೊತ್ತು ಆ ಹೂವನ್ನೇ ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ನನಗೂ ಒಂದ ಹಚ್ಚ. ಅಂವನ್ನ ಹಡದಾಕಿ ನಾನು" ಎಂದಳು.

ಸರ್ ಕಣ್ಣೊರೆಸಿಕೊಂಡು ಧ್ವಜದ ಹಗ್ಗ ಎಳೆದರು.

ಈಗ ಆ ಹೊಲಗಳೆಲ್ಲ ಕಬ್ಬು. ಆಯಿಯೂ ಇಲ್ಲ, ಚಿಗವ್ವನೂ ಇಲ್ಲ. ಮೊನ್ನೆ ಗಣರಾಜ್ಯೋತ್ಸವಕ್ಕೆ ಅದೇ ಶಾಲೆಗೆ ಹೋದಾಗ ಮಕ್ಕಳ ಎದೆಯ ಮೇಲೆ ಬೈಲಹೊಂಗಲದ ಅಂಗಡಿಯ ಪ್ಲಾಸ್ಟಿಕ್ ಬಾವುಟಗಳಿದ್ದವು, ಚಂದವಾಗಿಯೇ ಇದ್ದವು. "ಇದು ಯಾರ ಸಲುವಾಗಿ?" ಎಂದು ಒಬ್ಬಳನ್ನು ಕೇಳಿದೆ. "ದೇಶದ ಸಲುವಾಗಿರಿ" ಎಂದಳು, ಥಟ್ಟನೆ. ಸರಿಯಾದ ಉತ್ತರವೇ. ನಮಗಾಗ ದೇಶವೆಂದರೆ ಏನೆಂದು ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ಕಾಕಾ ಗೊತ್ತಿದ್ದ.