ಪಕ್ಕದ ಕುರ್ಚಿ

ಓಲ್ಡ್ ಬ್ರಿಡ್ಜ್ ಊರಿನ ಆ ಮನೆಗೆ ನಾನು ಮೊದಲು ಹೋದದ್ದು ಫೆಬ್ರವರಿಯ ಮೊದಲ ಭಾನುವಾರ. ವಾರದಲ್ಲಿ ಐದು ದಿನ ಬಸ್ಸಿನಲ್ಲಿ ಮ್ಯಾನ್‌ಹಟನ್ನಿಗೆ ಹೋಗಿಬರುವ ನನಗೆ ನಿದ್ದೆಗೆಂದು ಉಳಿದದ್ದು ಭಾನುವಾರದ ಮಧ್ಯಾಹ್ನವೊಂದೇ. ಆದರೂ ಪರಿಚಯದ ಆಂಟಿಯೊಬ್ಬರು ಮಗಳಿಗೆ ಗಣಿತ ಹೇಳಿಕೊಡು ಎಂದಾಗ ಒಪ್ಪಿಕೊಂಡೆ. ನಾನು ಇಲ್ಲಿಯ ಶಾಲೆಗಳಲ್ಲೇ ಓದಿ, ರಾಜ್ಯದವರು ವರ್ಷವರ್ಷವೂ ನಡೆಸುವ ಸ್ಟೇಟ್ ಟೆಸ್ಟ್ ಬರೆದು ಬೆಳೆದವಳು. ಮೈಸೂರಿನಲ್ಲಿ ಓದಿದ ಆಂಟಿಗೆ ಲೆಕ್ಕ ಬರುತ್ತಿತ್ತು, ಆದರೆ ಈ ಪರೀಕ್ಷೆಯ ತಲೆಬುಡ ಗೊತ್ತಿರಲಿಲ್ಲ.

ಅವರ ಮಗಳು ಏಳನೇ ತರಗತಿ. ಹಿಂದಿನ ವರ್ಷ ಗಣಿತದಲ್ಲಿ ಐದರಲ್ಲಿ ಎರಡನೇ ಲೆವೆಲ್ ಬಂದಿತ್ತು. ಈ ಸಲ ಮೂರಕ್ಕೆ ಏರದಿದ್ದರೆ ಬ್ಯಾಂಡ್ ಪೀರಿಯಡ್ ಬಿಡಿಸಿ ಗಣಿತದ ಹೆಚ್ಚುವರಿ ತರಗತಿಗೆ ಹಾಕುವುದಾಗಿ ಶಾಲೆಯಿಂದ ಈಮೇಲ್ ಬಂದಿತ್ತು. ಹುಡುಗಿ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಳು. ಮೊದಲ ದಿನ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: "ಅಕ್ಕಾ, ಇಫ್ ಐ ಗೆಟ್ ಎ ತ್ರೀ, ಐ ಕೀಪ್ ಬ್ಯಾಂಡ್, ರೈಟ್?"

ಲ್ಯಾಪ್‌ಟಾಪಿನಲ್ಲಿ ಪ್ರತಿ ವಾರ ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಇಪ್ಪತ್ತು ಪ್ರಶ್ನೆ, ನಲವತ್ತು ನಿಮಿಷ. ನನ್ನ ನೋಟ್‌ಬುಕ್ಕಿನಲ್ಲಿ ತಾರೀಖು, ಸರಿ, ತಪ್ಪು, ಹಿಡಿದ ಸಮಯ. ಅಪ್ಪ ಅಮ್ಮ ಜೊತೆಗಿದ್ದರೆ ಮಕ್ಕಳಿಗೆ ಧೈರ್ಯ ಎಂದು ನಾನೇ ಹೇಳಿದ್ದರಿಂದ ಆಂಟಿ ಹುರುಳಿಕಾಯಿಯ ಬುಟ್ಟಿ ತಂದುಕೊಂಡು ಮಗಳ ಪಕ್ಕದ ಕುರ್ಚಿಯಲ್ಲಿ ಕೂತರು.

"ನಾನು ಬಾಯೇ ಬಿಡಲ್ಲ ಕಣೇ," ಅಂದರು. ಬಿಡಲೂ ಇಲ್ಲ.

ಮೊದಲ ವಾರ ಎಂಟು ಸರಿ. ಆಮೇಲೆ ಹತ್ತು, ಹನ್ನೊಂದು, ಹದಿನಾಲ್ಕು. ಏಳನೇ ವಾರಕ್ಕೆ ಹದಿನೆಂಟು. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಆ ಪುಟ ತೆಗೆದು ನೋಡುತ್ತಿದ್ದೆ. ಆ ದಿನಗಳಲ್ಲಿ ನನ್ನ ಮಟ್ಟಿಗೆ ಮೇಲೇರುತ್ತಿದ್ದದ್ದು ಅದೊಂದೇ.

ಎಂಟನೇ ಭಾನುವಾರ ಹೀಟರ್ ರಿಪೇರಿಯವನು ಬಂದ. ಆಂಟಿ ಅವನ ಜೊತೆ ಬೇಸ್‌ಮೆಂಟಿಗೆ ಇಳಿದರು. ಹುಡುಗಿ ಒಬ್ಬಳೇ ಇಪ್ಪತ್ತೂ ಮಾಡಿದಳು. ಸರಿಯಾದದ್ದು ಒಂಬತ್ತು.

ಆಂಟಿ ಮೇಲೆ ಬಂದು ಕೂತು ನಾರು ತೆಗೆಯತೊಡಗಿದರು. ತಪ್ಪಾದ ಲೆಕ್ಕ ಇನ್ನೊಮ್ಮೆ ಮಾಡು ಎಂದೆ. ಪರದೆಯ ಬಾಣ ಮೊದಲ ಉತ್ತರದ ಮೇಲೆ ನಿಂತಿತು. "ಚ್ಚ್," ಅಂದರು ಆಂಟಿ, ಬುಟ್ಟಿಯಿಂದ ತಲೆ ಎತ್ತದೆ, ಕಣ್ಣು ಮಾತ್ರ ಪರದೆಯತ್ತ ಹೊರಳಿಸಿ. ಬಾಣ ಎರಡನೆಯದಕ್ಕೆ ಹೋಯಿತು. "ಚ್ಚ್." ಮೂರನೆಯದರ ಮೇಲೆ ಮೌನ. ಹುಡುಗಿ ಕ್ಲಿಕ್ ಮಾಡಿದಳು. ಸರಿ ಉತ್ತರ.

"ಆಂಟಿ, ನೀವೇ ಹೇಳಿಕೊಡ್ತಿದ್ದೀರಲ್ಲ!"

"ನಾನಾ? ಒಂದು ಮಾತಾಡಿದ್ನಾ?"

"ಅಮ್ಮಾ, ಯು ಡೂ ದ ಚ್ಚ್."

"ಅದು ಹುರುಳಿಕಾಯಿ ಬಲಿತಿದೆ ಅಂತ!"

"ಎವ್ರಿ ಟೈಮ್ ಐಯಾಮ್ ರಾಂಗ್?"

ಆಂಟಿ ನಿಜವಾಗಿಯೂ ಕಂಗಾಲಾದರು. ಅವರಿಗೆ ಗೊತ್ತಿರಲಿಲ್ಲ. ನಾನಾದರೂ ಏಳು ವಾರ ಹೇಗೆ ಕೇಳಿಸಿಕೊಳ್ಳಲಿಲ್ಲ? ಅದೇ ಸದ್ದಿನ ಕೆಳಗೆ ನಾನೂ ಬೆಳೆದಿದ್ದೆ. ನಮ್ಮ ಮನೆಯಲ್ಲಿ ಅದು ಫ್ರಿಜ್ಜಿನ ಗುಂಯ್ ಸದ್ದಿನಂತೆ ಸದಾ ಇರುತ್ತಿತ್ತು. ನೋಟ್‌ಬುಕ್ಕಿನ ಏಳು ಸಾಲುಗಳನ್ನೂ ಹೊಡೆದುಹಾಕಿದೆ.

ಪರೀಕ್ಷೆಗೆ ಇನ್ನು ಐದು ಭಾನುವಾರ. ಆಂಟಿ ಬುಟ್ಟಿ ಸಮೇತ ಡ್ರೈವ್‌ವೇಯಲ್ಲಿ ನಿಂತ ಕಾರಿಗೆ ಹೋಗಿ ಕೂರತೊಡಗಿದರು. ಒಂಬತ್ತು, ಹತ್ತು, ಮತ್ತೆ ಹತ್ತು, ಹನ್ನೊಂದು. ಕೊನೆಯ ದಿನ ಹುಡುಗಿಯ ಬಾಣ ತಪ್ಪು ಉತ್ತರದ ಮೇಲೆ ಬಹಳ ಹೊತ್ತು ನಿಂತಿತು. ಚ್ಚ್ ಎನ್ನಲು ನನ್ನ ನಾಲಿಗೆಯೇ ಅಂಗುಳಕ್ಕೆ ಅಂಟಿತ್ತು. ಹಲ್ಲು ಕಚ್ಚಿ ಕೂತೆ. ಅವಳು ಪ್ರಶ್ನೆಯನ್ನು ಮತ್ತೊಮ್ಮೆ ಓದಿ, ಕಾಗದದ ಮೇಲೆ ಏನೋ ಗೀಚಿ, ಬಾಣವನ್ನು ತಾನೇ ಸರಿಸಿದಳು. ಹದಿಮೂರು.

ನಾನು ಹೊರಗೆ ಬಂದಾಗ ಆಂಟಿ ಕಾರಿನ ಗಾಜು ಇಳಿಸಿದರು. "ಎಷ್ಟೇ?"

"ಹದಿಮೂರು."

"ಹದಿನೆಂಟು ಬರ್ತಿತ್ತಲ್ಲೇ."

"ಆ ಹದಿನೆಂಟು ನಿಮ್ಮದು ಆಂಟಿ. ಹದಿಮೂರು ಅವಳದು."

"ಮೂರನೇ ಲೆವೆಲ್ ಬರತ್ತಾ?"

ಗೊತ್ತಿಲ್ಲ ಎಂದೆ.

ಬರಲಿಲ್ಲ. ಕೆಲವೇ ಅಂಕಗಳಿಂದ ತಪ್ಪಿತು. ಸೆಪ್ಟೆಂಬರಿನಿಂದ ಅವಳ ಬ್ಯಾಂಡ್ ಪೀರಿಯಡ್ ಹೋಯಿತು. ಜನವರಿಯಲ್ಲಿ ಶಾಲೆಯವರೇ ಇನ್ನೊಂದು ಪರೀಕ್ಷೆ ನಡೆಸುತ್ತಾರೆ, ಅದರಲ್ಲಿ ಏರಿದರೆ ಬ್ಯಾಂಡ್‌ಗೆ ವಾಪಸ್ಸು ಬಿಡುತ್ತಾರೆ ಎಂದು ಆಂಟಿ ಫೋನ್ ಮಾಡಿದರು. ಫೋನಿನಲ್ಲಿ ಅವರ ಮಾತಿನ ಹಿಂದೆ ಕ್ಲಾರಿನೆಟ್ ಕೇಳುತ್ತಿತ್ತು, ಒಂದೇ ಸಾಲು ಮತ್ತೆ ಮತ್ತೆ, ಒಂದೇ ಜಾಗದಲ್ಲಿ ತಪ್ಪುತ್ತಾ. ಆಂಟಿ ಮುಂದುವರಿಸಿದರು:

"ಭಾನುವಾರ ಬರ್ತೀಯೇನೇ? ನಾನು ಕಾರಲ್ಲೇ ಇರ್ತೀನಿ."